ಕಾಲುವಿ ದಂಡಿ ಹಸಿರು ತಿಂದು ಕುದುರಿ ಊದ್ಕೊಂಡೈತಿ, ದಿನಕ್ಕ ಎಷ್ಟು ತಾಸು ಬಿಡಬೇಕು?

ಕಾರಟಗಿ_ಕುದುರಿ
ಎಲ್ಲಾರಿಗೂ ನಮಸ್ಕಾರ್ರಿ. ನಮ್ದೊಂದು ಹೆಣ್ಣು ಕುದುರಿ ಐತಿ, ಮಾರ್ವಾಡಿ ಕ್ರಾಸ್, ವಯಸ್ಸು ಎಂಟು. ಬ್ಯಾಸಗಿಯಾಗ ಒಣ ಕಣಕಿ, ಮ್ಯಾಲ ಒಂದೀಟು ಹುರುಳಿ ಹಾಕ್ತಿದ್ವಿ, ಮೈ ಹದಾ ಇತ್ತು. ಜುಲೈದಾಗ ತುಂಗಭದ್ರಾ ಎಡದಂಡೆ ಕಾಲುವಿಗೆ ನೀರು ಬಂತು ನೋಡ್ರಿ, ಅವತ್ತಿಂದ ಉಪಕಾಲುವಿ ದಂಡಿ ತುಂಬ ಕರಕಿ ಹುಲ್ಲು. ಮುಂಜಾನಿ ಬಿಟ್ರ ಸಂಜಿಮಟ ತಲಿ ಎತ್ತಂಗಿಲ್ಲ. ಈಗ ಜೀನಿನ ಹೊಟ್ಟಿಪಟ್ಟಿ ಎರಡು ತೂತು ಹಿಂದ ಸರದೈತಿ, ಕುತ್ತಿಗಿ ಮ್ಯಾಲ ಜೂಲಿನ ಬುಡದಾಗ ಗಟ್ಟಿ ದಿಂಡು ಎದ್ದೈತಿ.

ಯೂಟ್ಯೂಬ್‌ನಾಗ ಇಂಗ್ಲೆಂಡಿನವರ ವಿಡಿಯೋ ನೋಡಿದ್ರ ಎಲ್ಲಾರೂ ಒಂದೇ ಮಾತು: ವಸಂತದ ಹುಲ್ಲಿಗೆ ಕುದುರಿ ಬಿಡಬ್ಯಾಡ್ರಿ, ಗೊರಸು ಹಾಳಾಗ್ತಾವ ಅಂತ. ನಮ್ಮ ವಸಂತದಾಗ ಹುಲ್ಲು ಎಲ್ಲಿ ಬರ್ಬೇಕ್ರಿ? ಯುಗಾದಿಗೆ ನೆಲ ಬಿರುಕು ಬಿಟ್ಟಿರ್ತದ. ಅವರ ಮಾತು ನಮ್ಮ ಆಗಸ್ಟಿಗೆ ಹೊಂದ್ತದೋ ಇಲ್ಲೋ? ಎಷ್ಟು ತಾಸು ಬಿಡ್ಲಿ? ರಾತ್ರಿ ಉಪಾಸ ಕೆಡವಿದ್ರ ನಡೀತದೇನು?

ಸಿಂಧನೂರ್_ಸೀನಿಯರ್
ಫೋಟೊ ಹಾಕ್ರಿ. ಪಕ್ಕದಿಂದ ಒಂದು, ಹಿಂದಿನಿಂದ ಒಂದು.

ಬ್ಯಾಂಡ್_ಬಾರಾತ್_ರಾಯಚೂರು
ದಪ್ಪ ಆದ್ರ ಏನ್ ತಪ್ಪು? ಮದುವಿ ಸೀಸನ್ನಿಗೆ ಮೈ ತುಂಬಿದ ಕುದುರಿನೇ ಕೇಳ್ತಾರ ಜನ. ಎಲುಬು ಕಾಣೋ ಕುದುರಿ ಒಯ್ದ್ರ ಬೀಗರು ಬೈತಾರ. ಹಸಿರು ಸಿಕ್ಕಾಗ ತಿನ್ಲಿ ಬಿಡ್ರಿ, ಬ್ಯಾಸಗಿಗೆ ತಾನ ಇಳೀತದ.

ಕೊಪ್ಪಳ_ಕಿಡಿ
ಬಸಿರು ಇರಬೇಕು ನೋಡ್ರಿ 😄

ಕಾರಟಗಿ_ಕುದುರಿ
@ಕೊಪ್ಪಳ_ಕಿಡಿ ಹತ್ತು ಹಳ್ಯಾಗ ಗಂಡು ಕುದುರಿ ಇಲ್ಲೋ ಮಾರಾಯಾ.

ಕೊಪ್ಪಳ_ಕಿಡಿ
ಹುಲಿಗಿ ಜಾತ್ರಿಗೆ ಹೋಗಿತ್ತಲ್ಲ?

ಪಶುವೈದ್ಯ_ಸಿರುಗುಪ್ಪ
ನಗು ಇರಲಿ, ಅದನ್ನು ಮೊದಲು ಖಚಿತ ಮಾಡಿಕೊಳ್ಳಿ. ಹೆಣ್ಣು ಕುದುರೆ ಸುಮಾರು 11 ತಿಂಗಳು ಹೊರುತ್ತದೆ. ಮೊದಲರ್ಧದಲ್ಲಿ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬಸಿರಿಗೆ ಮೇವು ಕಟ್ಟುವುದು ಅಪಾಯ. ಇನ್ನೊಂದು, ಬರೀ ಹೊಟ್ಟೆ ನೋಡಿ ದಪ್ಪ ಅನ್ನಬೇಡಿ. ಜಂತುಹುಳು ತುಂಬಿದ ಕುದುರೆಗೂ ಹೊಟ್ಟೆ ಜೋತಿರುತ್ತದೆ, ಆದರೆ ಪಕ್ಕೆಲುಬು ಎಣಿಸಬಹುದು. ಕೈಯಾಡಿಸಿ ನೋಡಿ. ಬೆರಳು ಸವರಿದರೆ ಪಕ್ಕೆಲುಬು ಸುಲಭವಾಗಿ ತಾಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚಾಗಿದೆ. ಬಾಲದ ಬುಡ, ಭುಜದ ಹಿಂದೆ, ಕುತ್ತಿಗೆಯ ಮೇಲಂಚು, ಈ ಮೂರೂ ಕಡೆ ಹಿಡಿದು ನೋಡಿ. 1983ರಲ್ಲಿ ಅಮೆರಿಕದಲ್ಲಿ ಹೆನ್ನೆಕೆ ಎಂಬುವರು 1ರಿಂದ 9ರ ಅಂಕಪಟ್ಟಿ ಮಾಡಿಕೊಟ್ಟರು, ಇಂದಿಗೂ ಅದೇ ನಡೆಯುತ್ತದೆ. 5 ಅಂದರೆ ಹದ. 7 ದಾಟಿದರೆ ನನಗೆ ಫೋನ್ ಬರುವ ಕಾಲ ಹತ್ತಿರ ಅಂತ ಅರ್ಥ.

ನೀವು ಹೇಳಿದ ಕುತ್ತಿಗೆಯ ಗಟ್ಟಿ ದಿಂಡು ನನಗೆ ಹೊಟ್ಟೆಪಟ್ಟಿಗಿಂತ ಹೆಚ್ಚು ಚಿಂತೆ. ಅದು ಇನ್ಸುಲಿನ್ ಹಿಡಿತ ತಪ್ಪಿದ ಕುದುರೆಗಳಲ್ಲಿ ಬರುವ ಗುರುತು. ಟೇಪ್ ಇದ್ದರೆ ಎದೆಸುತ್ತು ಮತ್ತು ಉದ್ದ ಅಳೆದು ಹಾಕಿ. ಉದ್ದ ಅಂದರೆ ಭುಜದ ಮುಂತುದಿಯಿಂದ ಹಿಂಭಾಗದ ಪೃಷ್ಠದ ಎಲುಬಿನವರೆಗೆ.

ಕಾರಟಗಿ_ಕುದುರಿ
ಟೇಲರ್ ಟೇಪ್ ಸಾಲಲಿಲ್ಲ, ಹಗ್ಗ ಸುತ್ತಿ ಅಳದ್ವಿ. ಎದಿಸುತ್ತು 176 ಸೆಂ.ಮೀ., ಉದ್ದ 152. ಪಕ್ಕೆಲುಬು ಒತ್ತಿದ್ರೂ ಸರಿಯಾಗಿ ಸಿಗವಲ್ಲವು.

ಪಶುವೈದ್ಯ_ಸಿರುಗುಪ್ಪ
ಲೆಕ್ಕ ಹೀಗೆ: ಎದೆಸುತ್ತನ್ನು ಎದೆಸುತ್ತಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ನಿಮ್ಮದು 396 ಕೆ.ಜಿ. ಹತ್ತಿರ ಬರುತ್ತದೆ. ಟೇಪಿನ ತೂಕ ಅಂದಾಜು, ಅತ್ತಿತ್ತ ಆಗಲಿ, ಪರವಾಗಿಲ್ಲ. ಪ್ರತಿ ವಾರ ಒಂದೇ ಹೊತ್ತಿಗೆ, ಒಂದೇ ಕೈಯಿಂದ ಅಳೆದರೆ ಇಳಿಯುತ್ತಿದೆಯೋ ಏರುತ್ತಿದೆಯೋ ಅನ್ನುವುದು ಸಿಗುತ್ತದೆ. ನಮಗೆ ಬೇಕಾದದ್ದು ಅಷ್ಟೇ.

ಜಟಕಾ_ಮೊಮ್ಮಗ_ಬಳ್ಳಾರಿ
ಇದೆಲ್ಲಾ ಹೊಸ ಖಾಯಿಲೆ ಕಣ್ರೀ. ನಮ್ಮಜ್ಜ ಬಳ್ಳಾರಿ ಸ್ಟೇಷನ್ ಮುಂದೆ ಜಟಕಾ ಓಡಿಸಿದೋರು. ಕುದುರೆಗೆ ಹುರುಳಿ ಬೇಯಿಸಿ ಹಾಕ್ತಿದ್ರು, ಬೆಲ್ಲ ಕೊಡ್ತಿದ್ರು, ಹಸಿ ಹುಲ್ಲಿನ ಹೊರೆ ಹೊರೆ ಹಾಕ್ತಿದ್ರು. ಯಾವ ಇನ್ಸುಲಿನ್ನೂ ಇರ್ಲಿಲ್ಲ, ಯಾವ ಟೇಪೂ ಇರ್ಲಿಲ್ಲ.

ತುಂಗಭದ್ರಾ_ತೀರ
@ಜಟಕಾ_ಮೊಮ್ಮಗ_ಬಳ್ಳಾರಿ ನಿಮ್ಮಜ್ಜನ ಕುದುರೆ ಬೆಳಗಿಂದ ರಾತ್ರಿವರೆಗೂ ಆರು ಜನರನ್ನ ಎಳೀತಿತ್ತು. ಇವರ ಕುದುರೆ ದಂಡೆ ಮೇಲೆ ನಿಂತು ಮೇಯ್ತಿದೆ. ಎರಡೂ ಒಂದೇನಾ?

ಜಟಕಾ_ಮೊಮ್ಮಗ_ಬಳ್ಳಾರಿ
ಆರು ಜನ ಅಲ್ಲ, ನಾಲ್ಕು. ಪೊಲೀಸ್ರು ಹಿಡೀತಿದ್ರು.

ಕುರಿಹಟ್ಟಿ_ಹುಡುಗ
ನಾವು ಕುಷ್ಟಗಿ ಕಡೆ ಕುರುಬರು. ಕುರಿ ಹಿಂಡಿನ ಜೋಡಿ ತಟ್ಟು ಕುದುರಿ ಇರ್ತಾವ, ಹಾಸಿಗಿ, ಬಾಂಡೆ, ಬಲಿ, ಕೋಳಿ ಪುಟ್ಟಿ, ಹೊಸಾ ಕುರಿಮರಿ ಎಲ್ಲಾ ಅವುಗಳ ಮ್ಯಾಲ. ಮಳಿಗಾಲದಾಗ ಹಸಿರು ತಿಂದ್ರೂ ಒಂದೂ ಊದಂಗಿಲ್ಲ. ಯಾಕಂದ್ರ ಇವತ್ತು ಒಂದೂರು, ನಾಳಿ ಒಂದೂರು. ಒಂದ್ಕಡಿ ನಿಂತು ಮೇಯೋದೇ ಇಲ್ಲ, ಒಂದು ಬಾಯಿ ಹರಕೊಂಡು ಮುಂದ, ಇನ್ನೊಂದು ಬಾಯಿ ಹರಕೊಂಡು ಮುಂದ. ನಿಮ್ಮ ಕುದುರಿಗೆ ಹುಲ್ಲು ಕಡಿಮಿ ಮಾಡೋಕಿಂತ ಮೊದ್ಲು ನಡಸ್ರಿ ಅದನ್ನ.

ಬೆಂಗಳೂರು_ಸವಾರ
ನಾನು ಹವ್ಯಾಸಕ್ಕೆ ರೈಡಿಂಗ್ ಮಾಡೋನು, ಮೂಲ ಹೊಸಪೇಟೆ. ಒಂದು ವಿಷಯ ಕ್ಲಿಯರ್ ಮಾಡ್ತೀನಿ. ಯುರೋಪಿನಲ್ಲಿ ಬೆಳೆಯೋದು ರೈ ಹುಲ್ಲು, ಅದು ತಂಪು ಹವೆ ಹುಲ್ಲು. ಅದರಲ್ಲಿ ಫ್ರಕ್ಟಾನ್ ಅನ್ನೋ ಸಕ್ಕರೆ ಕೂಡಿಡುತ್ತೆ. ಮಾರ್ಚಿಂದ ಮೇವರೆಗೆ ಹಗಲು ಬಿಸಿಲು, ರಾತ್ರಿ ಚಳಿ. ಹಗಲಲ್ಲಿ ಮಾಡಿದ ಸಕ್ಕರೆ ರಾತ್ರಿ ಚಳಿಗೆ ಖರ್ಚಾಗಲ್ಲ, ಹಾಗೇ ಉಳಿಯುತ್ತೆ. ಅದಕ್ಕೇ ಅಲ್ಲಿ ವಸಂತದ ಹುಲ್ಲು ಅಂದರೆ ಹೆದರ್ತಾರೆ. ನಮ್ಮ ಗರಿಕೆ, ಅಂದ್ರೆ ನೀವು ಹೇಳೋ ಕರಕಿ, ಬಿಸಿ ಹವೆ ಹುಲ್ಲು, ಅದರಲ್ಲಿ ಫ್ರಕ್ಟಾನೇ ಇಲ್ಲ. ಸೋ ಲ್ಯಾಮಿನೈಟಿಸ್ (ಗೊರಸಿನ ಒಳಪದರದ ಉರಿಯೂತ) ಭಯ ಬೇಡ, ಆರಾಮಾಗಿ ಬಿಡಿ.

ಪಶುವೈದ್ಯ_ಸಿರುಗುಪ್ಪ
@ಬೆಂಗಳೂರು_ಸವಾರ ಮುಕ್ಕಾಲು ಸರಿ. "ಆರಾಮಾಗಿ ಬಿಡಿ" ಅನ್ನುವ ಕೊನೆಯ ಕಾಲುಭಾಗವೇ ಕುದುರೆಯನ್ನು ಕೆಡವುವುದು. ಗರಿಕೆಯಲ್ಲಿ ಫ್ರಕ್ಟಾನ್ ಕೂಡಿಡುವ ಗುಣ ಇಲ್ಲ ನಿಜ, ಅದು ಪಿಷ್ಟ ಕೂಡಿಡುತ್ತದೆ, ಅದಕ್ಕೂ ಒಂದು ಮಿತಿ ಇದೆ. ಆದರೆ ಸಕ್ಕರೆಯೂ ಪಿಷ್ಟವೂ ಇನ್ಸುಲಿನ್ ಏರಿಸುತ್ತವೆ. ಹುಲ್ಲಿಗೆ ಬಿಟ್ಟ ಕುದುರೆಗಳಲ್ಲಿ ಬರುವ ಲ್ಯಾಮಿನೈಟಿಸ್ ಹೆಚ್ಚಿನಂಶ ಈ ಇನ್ಸುಲಿನ್ ದಾರಿಯಿಂದಲೇ. ಗೊರಸಿನ ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿಟ್ಟ ಪದರಗಳು ಸಡಿಲವಾಗುತ್ತವೆ. ಮೂಳೆ ಕೆಳಗೆ ಜಾರಿದರೆ ಆಮೇಲೆ ಯಾವ ಡಾಕ್ಟರೂ ಮೊದಲಿನಂತೆ ಮಾಡಿಕೊಡಲಾರ.

ಇಲ್ಲಿ ನಾನು ನೋಡುವ ಕೇಸುಗಳಲ್ಲಿ ಹುಲ್ಲು ಒಂದೇ ಕಾರಣ ಆಗಿರುವುದು ಅಪರೂಪ. ಹುಲ್ಲಿನಿಂದ ಮೈ ಬೆಳೆದಿರುತ್ತದೆ. ಅದರ ಮೇಲೆ ಮನೆಯವರು ಹುರುಳಿ, ಕಡಲೆ, ಚಪಾತಿ, ಬೆಲ್ಲ ಸುರಿದಿರುತ್ತಾರೆ. ಕೆಲಸ ಇಲ್ಲ. ನಮ್ಮ ತಟ್ಟು, ಮಾರ್ವಾಡಿ, ಕಾಠಿಯಾವಾಡಿ, ಎಲ್ಲಾ ಒಣನೆಲದಲ್ಲಿ ಕಡಿಮೆ ಮೇವಿಗೆ ಬದುಕಿದ ರಕ್ತ. ಸಿಕ್ಕಿದ್ದನ್ನು ಮೈಗೆ ಹಚ್ಚಿಕೊಳ್ಳುವುದರಲ್ಲಿ ಅವು ನಿಸ್ಸೀಮ.

ಬ್ಯಾಂಡ್_ಬಾರಾತ್_ರಾಯಚೂರು
ಡಾಕ್ಟ್ರೇ, ಚಪಾತಿ ಕೊಟ್ರ ತಪ್ಪೇನ್ರಿ? ಮದುವಿ ಮನ್ಯಾಗ ಲಾಡು ಕೊಡ್ತಾರ, ತಿಂತದ, ಖುಷಿ ಆಗ್ತದ.

ಪಶುವೈದ್ಯ_ಸಿರುಗುಪ್ಪ
ಖುಷಿ ಕೊಡುವವರಿಗೆ.

ಕಾರಟಗಿ_ಕುದುರಿ
ಹಂಗಾರ ಹುರುಳಿ ಬಂದ್ ಮಾಡ್ತೀನಿ ಇವತ್ತಿಂದ. ದಿನಾ ಒಂದು ಸೇರು ಹೋಗ್ತಿತ್ತು, ಬ್ಯಾಸಗಿ ರೂಢಿ, ಬಿಟ್ಟೇ ಇರಲಿಲ್ಲ. ಮತ್ತ ಹುಲ್ಲಿಗೆ ಮುಂಜಾನಿ ಮೂರು ತಾಸು, ಮುಗೀತು, ಆಮ್ಯಾಲ ಮರುದಿನದ ಮಟ ಏನೂ ಇಲ್ಲ. ಸರಿ ಅಲ್ರೀ?

ಪಶುವೈದ್ಯ_ಸಿರುಗುಪ್ಪ
ಹುರುಳಿ ಬಂದ್ ಸರಿ. ಉಪವಾಸ ಬೇಡವೇ ಬೇಡ.

ಕುದುರೆ ಆಕಳಲ್ಲ. ಅದರ ಜಠರ ಸಣ್ಣದು, ಊಟ ಇರಲಿ ಬಿಡಲಿ ಹಗಲೂ ರಾತ್ರಿ ಆಮ್ಲ ಸುರಿಯುತ್ತಲೇ ಇರುತ್ತದೆ. ಅಗಿಯುವಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ಐದಾರು ತಾಸು ಖಾಲಿ ಹೊಟ್ಟೆ ಅಂದರೆ ಹುಣ್ಣಿಗೆ ಆಹ್ವಾನ. ದಪ್ಪ ತಟ್ಟು, ದಪ್ಪ ಕತ್ತೆಗಳಲ್ಲಂತೂ ಒಮ್ಮೆಲೇ ಮೇವು ನಿಲ್ಲಿಸಿದರೆ ಮೈಯ ಕೊಬ್ಬೆಲ್ಲ ಕರಗಿ ರಕ್ತಕ್ಕೆ ನುಗ್ಗುತ್ತದೆ, ಯಕೃತ್ತು ಕೈಕೊಡುತ್ತದೆ. ಅದು ಜೀವ ತೆಗೆಯುವ ಕಾಯಿಲೆ.

ಮೂರು ತಾಸಿನ ಲೆಕ್ಕಕ್ಕೂ ಒಂದು ತೂತಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಪೋನಿಗಳನ್ನು ದಿನಕ್ಕೆ ಮೂರೇ ತಾಸು ಬಿಟ್ಟು ನೋಡಿದರು. ವಾರ ಕಳೆದ ಹಾಗೆ ಅವು ಅದೇ ಮೂರು ತಾಸಿನಲ್ಲಿ ಹೆಚ್ಚು ಹೆಚ್ಚು ಮೇಯಲು ಕಲಿತವು. ಹೊತ್ತು ಕಡಿಮೆ ಮಾಡಿದರೆ ಬಾಯಿ ಜೋರಾಗುತ್ತದೆ.

ಲೆಕ್ಕ ಒಣ ಅಂಶದ ಮೇಲೆ ಹಾಕಿ. ತೂಕದ ನೂರಕ್ಕೆ ಒಂದೂವರೆ ಪಾಲು. 396ಕ್ಕೆ ಸುಮಾರು 6 ಕೆ.ಜಿ. ಒಣ ಅಂಶ. ಒಣ ಮೇವಾದರೆ ಆರೂವರೆ ಕೆ.ಜಿ. ಚಿಲ್ಲರೆ. ಹಸಿ ಹುಲ್ಲಿನಲ್ಲಿ ನೂರಕ್ಕೆ 75-80 ನೀರೇ, ಹಾಗಾಗಿ ಪೂರ್ತಿ ಹಸಿಯಾದರೆ 25-30 ಕೆ.ಜಿ. ಬೆಳಗಿಂದ ಸಂಜೆವರೆಗೆ ಬಿಟ್ಟ ಕುದುರೆ ಇದನ್ನು ಸಲೀಸಾಗಿ ದಾಟುತ್ತದೆ. ನೀವು ಅರ್ಧ ಹಸಿ ಅರ್ಧ ಒಣ ಮಾಡಿ, ಒಣದ್ದನ್ನು ನಾಲ್ಕು ಹೊತ್ತಿಗೆ ಹಂಚಿ, ರಾತ್ರಿ ಪಾಲು ದೊಡ್ಡದಿರಲಿ. ಬದಲಾವಣೆ ಹತ್ತು ದಿನ ಎಳೆದು ಮಾಡಿ, ಇಲ್ಲದಿದ್ದರೆ ಹೊಟ್ಟೆನೋವು ಬರುತ್ತದೆ. ವಾರಕ್ಕೆ ಎರಡರಿಂದ ನಾಲ್ಕು ಕೆ.ಜಿ. ಇಳಿದರೆ ಸಾಕು, ಅವಸರ ಬೇಡ.

ಸಿಂಧನೂರ್_ಸೀನಿಯರ್
ಹೊತ್ತು ಯಾವುದು ಛಲೋ, ಮುಂಜಾನಿನೋ ಸಂಜಿನೋ?

ಬೆಂಗಳೂರು_ಸವಾರ
ಮುಂಜಾನೆ. ಹಗಲಿಡೀ ಬಿಸಿಲಿಗೆ ಎಲೆ ಸಕ್ಕರೆ ಮಾಡುತ್ತೆ, ಸಂಜೆ ನಾಲ್ಕೈದು ಗಂಟೆಗೆ ಅತಿ ಹೆಚ್ಚು. ರಾತ್ರಿ ಗಿಡ ಅದನ್ನೇ ಬಳಸಿ ಬೆಳೆಯುತ್ತೆ, ಬೆಳಗಿನ ಜಾವಕ್ಕೆ ಕಡಿಮೆ. ಐದೂವರೆಯಿಂದ ಒಂಬತ್ತರ ಒಳಗೆ ಮುಗಿಸಿ. ಅಲ್ಲಿಯವರು ಹಿಮ ಬಿದ್ದ ಬೆಳಿಗ್ಗೆ ಮಾತ್ರ ಬಿಡಲ್ಲ, ಚಳಿಗೆ ಸಕ್ಕರೆ ಹಾಗೇ ಉಳಿದಿರುತ್ತೆ ಅಂತ. ಕಾರಟಗಿಯಲ್ಲಿ ಹಿಮದ ಚಿಂತೆ ಇಲ್ಲ ಅನ್ಕೋತೀನಿ.

ಕೊಪ್ಪಳ_ಕಿಡಿ
ಹಿಮ ಬಿದ್ರ ಕುದುರಿ ಬಿಟ್ಟು ನಾವೇ ನೋಡಾಕ ಬರ್ತೀವಿ.

ಪಶುವೈದ್ಯ_ಸಿರುಗುಪ್ಪ
ಇದನ್ನು ಒಪ್ಪುತ್ತೇನೆ. ಒಂದು ಸೇರಿಸಿ: ವಾರಾಬಂದಿಯಲ್ಲಿ (ಸರದಿ ಮೇಲೆ ನೀರು ಬಿಡುವಾಗ) ಕಾಲುವೆ ನೀರು ನಿಂತು, ಬಿಸಿಲು ಜೋರಿದ್ದು, ಹುಲ್ಲು ಬಾಡಿದಾಗ "ಈಗ ಒಣಗಿದೆ, ಪರವಾಗಿಲ್ಲ" ಅಂತ ಬಿಡಬೇಡಿ. ಬೆಳೆಯಲು ನೀರಿಲ್ಲದ ಹುಲ್ಲಲ್ಲಿ ಸಕ್ಕರೆ ಖರ್ಚಾಗದೆ ನಿಂತಿರುತ್ತದೆ.

ಎಡಿಕುಂಟಿ
ಇಷ್ಟೆಲ್ಲಾ ಯಾಕ್ರಿ. ಎತ್ತಿಗೆ ಎಡಿ ಹೊಡಿಯೋವಾಗ ಬಾಯಿಕುಕ್ಕೆ ಹಾಕ್ತೀವಲ್ಲ, ಬೆಳಿ ತಿನಬಾರದು ಅಂತ. ಅದನ್ನ ಕುದುರಿಗೂ ಹಾಕ್ರಿ. ಇಪ್ಪತ್ತು ರೂಪಾಯಿ ನೂಲಿನ ಹಗ್ಗ, ಮುಗೀತು.

ಬೆಂಗಳೂರು_ಸವಾರ
@ಎಡಿಕುಂಟಿ ಐಡಿಯಾ ಅದೇ, ಹೊರದೇಶದಲ್ಲೂ ಅದೇ ಮಾಡ್ತಾರೆ, ಗ್ರೇಜಿಂಗ್ ಮಝಲ್ ಅಂತ ರಬ್ಬರಿಂದು ಸಿಗುತ್ತೆ. ವ್ಯತ್ಯಾಸ ಒಂದೇ. ಎತ್ತಿನ ಕುಕ್ಕೆ ಪೂರ್ತಿ ಬಂದ್ ಮಾಡೋಕೆ ಇರೋದು. ಕುದುರೆದ್ದು ಸ್ವಲ್ಪ ಸ್ವಲ್ಪ ತಿನ್ನಲಿ ಅಂತ. ತಳದಲ್ಲಿ ಎರಡು ಬೆರಳು ಹೋಗುವಷ್ಟು ಒಂದು ತೂತು ಇರಬೇಕು, ಹುಲ್ಲಿನ ತುದಿ ಅಲ್ಲಿಂದ ಒಳಗೆ ಬರುತ್ತೆ, ಅಷ್ಟನ್ನೇ ಕಚ್ಚುತ್ತೆ. ಗಂಟೆಗೆ ತಿನ್ನೋದು ಚೆನ್ನಾಗಿ ಇಳಿಯುತ್ತೆ.

ಎಡಿಕುಂಟಿ
ನೀರು ಹೆಂಗ ಕುಡೀತದ?

ಬೆಂಗಳೂರು_ಸವಾರ
ಸುತ್ತಲೂ ಜಾಲರಿ ಇದ್ದರೆ ಮೂತಿ ಅದ್ದಿ ಕುಡಿಯುತ್ತೆ, ಎತ್ತಿದ ಕೂಡಲೇ ನೀರು ಸೋರಿ ಹೋಗಬೇಕು. ಬಕೆಟ್ ತರದ ಮುಚ್ಚಿದ ಕುಕ್ಕೆ ಹಾಕಿ ಕಾಲುವೆಗೆ ಬಿಟ್ಟರೆ ಮೂಗಿಗೆ ನೀರು ನಿಂತು ಉಸಿರು ಕಟ್ಟಬಹುದು. ಮತ್ತೆ ಹಗ್ಗ ಎಲ್ಲಾದರೂ ಜಾಲಿಗೆ ಸಿಕ್ಕಿಕೊಂಡರೆ ಹರಿದು ಹೋಗಬೇಕು, ಒಂದು ಕಡೆ ಬೇಕಂತಲೇ ಸಣ್ಣ ದಾರ ಕಟ್ಟಿ.

ಕಾರಟಗಿ_ಕುದುರಿ
ನೂಲಿನ ಹಗ್ಗದ್ದು ನಿನ್ನಿ ಸಂಜಿನೇ ಹೆಣದು ಹಾಕಿ ನೋಡಿದ್ವಿ. ಮೊದ್ಲ ನಿಂತಲ್ಲೇ ನಿಂತು ನಮ್ಮನ್ನ ನೋಡಿತು, ಕಿವಿ ಹಿಂದ ಹಾಕಿ. ಆಮ್ಯಾಲ ಮುಂಗಾಲಿಂದ ಕುಕ್ಕಿ ಒತ್ತಿ ಹಿಡಿದು ತಲಿ ಮ್ಯಾಲ ಎಳೀತು, ಪಟ್ ಅಂತ ಹೊರಗ. ಹುಲ್ಲಿಗೆ ಬಾಯಿ ಹಾಕಿತು. ನಮ್ಮಪ್ಪ ನಕ್ಕು ನಕ್ಕು ದಂಡಿ ಮ್ಯಾಲ ಕುಂತುಬಿಟ್ಟ.

ಜಟಕಾ_ಮೊಮ್ಮಗ_ಬಳ್ಳಾರಿ
😂😂 ನಿಮ್ಮ ಕುದುರೆಗೆ ಐಟಿ ಕಂಪನೀಲಿ ಕೆಲಸ ಕೊಡಿಸ್ರಿ.

ಪಶುವೈದ್ಯ_ಸಿರುಗುಪ್ಪ
ಮೊದಲು ಕುಕ್ಕೆಯೊಳಗೆ ಹಿಡಿ ಹುಲ್ಲು ಹಾಕಿ ತಿನ್ನಿಸಿ ರೂಢಿ ಮಾಡಿ, ಕಿವಿ ಹಿಂದೆ ಪಟ್ಟಿ ಕಟ್ಟಿ. ನಮ್ಮ ಸೆಖೆಗೆ ಮೂಗಿನ ಮೇಲೆ ಉಜ್ಜಿ ಹುಣ್ಣಾಗುತ್ತದೆ, ದಿನಾ ನೋಡಿ. ಹಗಲು ಪೂರ್ತಿ, ರಾತ್ರಿ ಪೂರ್ತಿ ಹಾಕಿಡುವಂಥದ್ದಲ್ಲ ಅದು. ಹುಲ್ಲು ತೀರ ಗಿಡ್ಡ ಇದ್ದರೂ ತೂತಿನಿಂದ ಸಿಗುವುದಿಲ್ಲ, ಪ್ರಾಣಿ ಸಿಟ್ಟಾಗಿ ಬಿಡುತ್ತದೆ.

ತುಂಗಭದ್ರಾ_ತೀರ
ಕುಕ್ಕೆಗಿಂತ ಜಾಗ ಕಟ್ಟೋದು ಸುಲಭ. ಹಂದಿಗೆ ಅಂತ ಬೇಲಿ ತಂತಿಗೆ ಶಾಕ್ ಕೊಡೋ ಸೋಲಾರ್ ಝಟಕಾ ಮಷೀನ್ ಎಲ್ಲಾರ ಹೊಲದಾಗೂ ಇದೆ. ಅದರ ತಂತಿ ಬದಲು ಅಗಲ ಪಟ್ಟಿ ಎಳೆದು, ದಿನಕ್ಕೆ ಒಂದಡಿ ಎರಡಡಿ ಮುಂದೆ ಸರಿಸ್ತಾ ಹೋಗಿ. ಹೊಸ ಹುಲ್ಲು ಅಷ್ಟೇ ಸಿಗುತ್ತೆ. ಹಿಂದಿನಿಂದಲೂ ಒಂದು ಪಟ್ಟಿ ಸರಿಸಿ, ಇಲ್ಲಾಂದ್ರೆ ಮೇಯ್ದ ಜಾಗದಲ್ಲಿ ಚಿಗುರು ತಿಂತಾ ನಿಲ್ಲುತ್ತೆ.

ಸಿಂಧನೂರ್_ಸೀನಿಯರ್
ಮನಿ ಕರೆಂಟ್ ನೇರ ಕೊಡೋ ಶಾಣ್ಯಾರೂ ಅದಾರ, ಅವರು ಓದ್ಲಿ ಅಂತ ಬರೀತೀನಿ: ಅದು ಜೈಲು. ಕುದುರಿನೂ ಹೋಗ್ತದ, ಮನುಷಾನೂ ಹೋಗ್ತಾನ.

ಕಾರಟಗಿ_ಕುದುರಿ
ದಂಡಿ ನಮ್ದಲ್ಲರೀ, ಅಲ್ಲಿ ಬೇಲಿ ಹಾಕಾಕ ಬರಂಗಿಲ್ಲ. ಮಂದಿ ದನಾನೂ ಬರ್ತಾವ. ಗೂಟ ಹೊಡದು ಕಟ್ಟಿದ್ರ?

ಕುರಿಹಟ್ಟಿ_ಹುಡುಗ
ಗೂಟ ನಡೀತದ, ಆದ್ರ ನೀರಿನ ಕಡಿ ಇಳಿಜಾರಿನಾಗ ಕಟ್ಟಬ್ಯಾಡ್ರಿ. ಹಗ್ಗ ಕಾಲಿಗೆ ಸುತ್ತಿ ಬಿದ್ರ ಎದ್ದೇಳಂಗಿಲ್ಲ. ಕುತ್ತಿಗಿಗೆ ಕಟ್ಟಬ್ಯಾಡ್ರಿ, ಮುಖದ ಮೊಗರಂಬಕ್ಕ ಕಟ್ರಿ, ಗೂಟದ ಮ್ಯಾಲ ತಿರುಗೋ ಬಳಿ ಇರ್ಲಿ. ಮತ್ತ ಒಬ್ರು ಅಲ್ಲೇ ಇರ್ಬೇಕು. ನೆರಳು, ನೀರು ಎರಡೂ ಮುಟ್ಟೋಹಂಗ.

ರೈತ_ಮಾನ್ವಿ
ದಂಡಿ ಹುಲ್ಲಿನ ಇನ್ನೊಂದು ಸುದ್ದಿ ಯಾರೂ ಹೇಳವಲ್ರು. ಎರಡೂ ಕಡಿ ಭತ್ತ. ಎಷ್ಟು ಸಲ ಔಷಧಿ ಹೊಡೀತೀವಿ ನಮಗ ಗೊತ್ತು. ಹೊಡದ ಔಷಧಿ ಗಾಳಿಗೆ ದಂಡಿ ಮ್ಯಾಲ ಕುಂದ್ರತದ, ಪಂಪ್ ತೊಳದ ನೀರೂ ಅಲ್ಲೇ ಚೆಲ್ತಾರ. ತೂಕದ ಮಾತು ಆಮ್ಯಾಲ, ಮೊದ್ಲು ಪಕ್ಕದ ಗದ್ದಿಯವ್ರನ್ನ ಕೇಳಿ ಬಿಡ್ರಿ.

ಪಶುವೈದ್ಯ_ಸಿರುಗುಪ್ಪ
ಇದು ಇಡೀ ಚರ್ಚೆಯಲ್ಲೇ ಅತಿ ಮುಖ್ಯ ಮಾತು. ಧನ್ಯವಾದ.

ಕಾರಟಗಿ_ಕುದುರಿ
ಹೌದ್ರಿ, ಕೇಳ್ತೀನಿ. ಒಣ ಮೇವಿಗೆ ಏನ್ ಹಾಕ್ಲಿ? ನೆಲ್ಲುಹುಲ್ಲು ರಾಶಿ ಬಿದ್ದೈತಿ, ಪುಕ್ಕಟ.

ರೈತ_ಮಾನ್ವಿ
ಪುಕ್ಕಟ ಅಂತ ಹಾಕಬ್ಯಾಡ್ರಿ. ಬಿಳಿಜ್ವಾಳದ ಕಣಕಿ ಹಾಕ್ರಿ, ಮಾಲದಂಡಿದು. ಅದರ ಮುಂದ ಯಾವ ಮೇವೂ ಇಲ್ಲ.

ತುಂಗಭದ್ರಾ_ತೀರ
ಮಾಲದಂಡಿ ದಂಟು ಅಗಿದು ನೋಡಿದ್ದೀರಾ? ಕಬ್ಬಿನ ತರ ಸಿಹಿ. ತೂಕ ಇಳಿಸೋ ಕುದುರೆಗೆ ಅದನ್ನೇ ಹಾಕೋದಾ?

ಪಶುವೈದ್ಯ_ಸಿರುಗುಪ್ಪ
ಇಬ್ಬರ ಮಾತಲ್ಲೂ ಹುರುಳಿದೆ. ಕಣಕಿ ಹಾಕಿ, ಕತ್ತರಿಸಿ, ಒಂದು ತಾಸು ಧಾರಾಳ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಕೊಡಿ. ಕರಗುವ ಸಕ್ಕರೆಯ ಒಂದು ಪಾಲು ನೀರಿನ ಜೊತೆ ಹೋಗುತ್ತದೆ. ನಮ್ಮ ಬಿಸಿಲಿಗೆ ನೆನೆದದ್ದು ಬೇಗ ಹುಳಿಯುತ್ತದೆ, ಆಗಾಗಿನದ್ದನ್ನು ಆಗಾಗಲೇ ಮುಗಿಸಿ. ನೆಲ್ಲುಹುಲ್ಲು ಸ್ವಲ್ಪ ಬೆರೆಸಬಹುದು, ಪೂರ್ತಿ ಅದೇ ಆದರೆ ಕರುಳಲ್ಲಿ ಗಂಟು ಕಟ್ಟಿ ಹೊಟ್ಟೆನೋವು ಬರುತ್ತದೆ, ಸತ್ವವೂ ಇಲ್ಲ. ಶೇಂಗಾ ಹೊಟ್ಟು ಪುಷ್ಟಿಯ ಮೇವು, ಈಗ ಬೇಡ, ಬೂಸ್ಟು ಬಂದದ್ದಂತೂ ಎಂದಿಗೂ ಬೇಡ.

ಹಸಿ ಜೋಳ ಮಾತ್ರ ಮುಟ್ಟಿಸಬೇಡಿ. ಎಳೆ ಜೋಳದಲ್ಲಿ, ನೀರಿಲ್ಲದೆ ಮುರುಟಿದ ಜೋಳದಲ್ಲಿ ಸೈನೈಡ್ ಇರುತ್ತದೆ ಅನ್ನುವುದು ದನ ಕಟ್ಟಿದವರಿಗೆಲ್ಲ ಗೊತ್ತು. ಕುದುರೆಗೆ ಇನ್ನೊಂದು ಕಾಟ ಇದೆ. ವಾರಗಟ್ಟಲೆ ಹಸಿ ಜೋಳ ಮೇಯ್ದ ಕುದುರೆ ಹಿಂಗಾಲು ಎಳೆಯುತ್ತದೆ, ಮೂತ್ರ ತಾನಾಗಿ ಸೋರುತ್ತದೆ. ಮೇವಿಗೆ ಅಂತ ಬೆಳೆಯುವ ಬಹುಕಟಾವಿನ ಹೈಬ್ರಿಡ್ ಜೋಳಗಳಿಗೂ ಇದೇ ಮಾತು. ಒಣಗಿದ ಕಣಕಿಯಲ್ಲಿ ಈ ಭಯ ಬಹಳ ಕಡಿಮೆ.

ಎಡಿಕುಂಟಿ
ದನದ ಹಿಂಡಿ, ಕೋಳಿ ಫೀಡು ಒಂದೀಟು?

ಪಶುವೈದ್ಯ_ಸಿರುಗುಪ್ಪ
ಕೋಳಿ ಫೀಡಿನಲ್ಲಿ, ಕೆಲವು ದನದ ಫೀಡಿನಲ್ಲೂ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ರಕ್ಷೆ, ಕುದುರೆಗೆ ಹೃದಯ ನಿಲ್ಲಿಸುವ ವಿಷ. ಹಿಡಿಯಷ್ಟೂ ಬೇಡ. ಯೂರಿಯಾ ಹಾಕಿ ಉಪಚರಿಸಿದ ಹುಲ್ಲೂ ದನಕ್ಕಿರಲಿ, ಕುದುರೆಗೆ ಅದರಿಂದ ಲಾಭ ಇಲ್ಲ.

ಬ್ಯಾಂಡ್_ಬಾರಾತ್_ರಾಯಚೂರು
ಹಂಗಾರ ಕುದುರಿ ಏನ್ ಗಾಳಿ ಕುಡದು ಬದುಕ್ಬೇಕ? ಅದು ಬ್ಯಾಡ, ಇದು ಬ್ಯಾಡ. ಬಡವರ ಎಮ್ಮಿಗೆ ಕಣಕಿ ಸಿಗವಲ್ದು, ಇಲ್ಲಿ ಕುದುರಿಗೆ ನೆನಸಿ ತೊಳದು ಹಾಕ್ರಿ ಅಂತೀರಿ.

ಕುರಿಹಟ್ಟಿ_ಹುಡುಗ
ಎಮ್ಮಿ ಮಾತು ಬ್ಯಾರೆ. ದಪ್ಪ ಕುದುರಿಗೆ ಕಡಿಮಿ ಹಾಕ್ರಿ ಅಂತಾರ, ಮೇವು ಉಳೀತದಲ್ರೀ, ಆ ಉಳದದ್ದು ಎಮ್ಮಿಗೆ ಹಾಕ್ರಿ.

ಆನೆಗೊಂದಿ_ಇತಿಹಾಸ
ಸ್ವಲ್ಪ ದಾರಿ ತಪ್ಪಿಸ್ತೀನಿ, ಕ್ಷಮೆ ಇರಲಿ. ಇದೇ ನದಿ ದಂಡೆ ಮೇಲೆ ವಿಜಯನಗರದವರು ಸಾವಿರಾರು ಕುದುರೆ ಸಾಕಿದ್ರು. ಪರ್ಷಿಯಾ ಕೊಲ್ಲಿಯ ಓರ್ಮುಜಿನ ಕುದುರೆ ಮತ್ತು ನಾಡ ಕುದುರೆ ಸೇರಿ ಅರಸ ವರ್ಷಕ್ಕೆ 13,000 ಕೊಳ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಯಲ್ಲಿ ಕುದುರೆ ಹಿಡಿದ ಪರದೇಶಿಗಳನ್ನು ನೋಡಬಹುದು, ಹಜಾರರಾಮನ ಗುಡಿಯ ಹೊರಗೋಡೆ ಮೇಲೂ ಕುದುರೆ ಸಾಲು. ಅಷ್ಟಕ್ಕೂ ಮೇವು ಎಲ್ಲಿಂದ ತಂದರೋ?

ಬೆಂಗಳೂರು_ಸವಾರ
ವರ್ಷ ವರ್ಷ ಅಷ್ಟು ಕೊಳ್ಬೇಕಾಗಿತ್ತು ಅಂದ್ರೆ ವರ್ಷ ವರ್ಷ ಅಷ್ಟು ಸಾಯ್ತಿದ್ವು ಅಂತಲ್ವಾ?

ಆನೆಗೊಂದಿ_ಇತಿಹಾಸ
ಎಲ್ಲಾ ಸತ್ತದ್ದಕ್ಕೇ ಅಂತ ಹೇಳೋಕಾಗಲ್ಲ, ಸೈನ್ಯವೂ ಬೆಳೀತಿತ್ತು, ನಾಯಕರಿಗೂ ಹಂಚ್ತಿದ್ದ. ಆದರೆ ಮಾತಲ್ಲಿ ಅರ್ಥ ಇದೆ. ಅದಕ್ಕೂ ಹಿಂದೆ, 13ನೇ ಶತಮಾನದಲ್ಲಿ, ಮಾರ್ಕೋ ಪೋಲೋ ಪಾಂಡ್ಯರ ನಾಡು ನೋಡಿ ಹೇಳ್ತಾನೆ: ಇಲ್ಲಿಯವರು ಕುದುರೆಗೆ ಬೇಯಿಸಿದ ಅನ್ನ, ಮಾಂಸ ಹಾಕ್ತಾರೆ, ಲಾಳ ಹೊಡೆಯೋರೇ ಇಲ್ಲ, ಕುದುರೆಗಳು ಉಳಿಯಲ್ಲ ಅಂತ.

ಜಟಕಾ_ಮೊಮ್ಮಗ_ಬಳ್ಳಾರಿ
ಬಿರಿಯಾನಿ ಹಾಕಿದ್ರು ಅನ್ನಿ.

ಸಿಂಧನೂರ್_ಸೀನಿಯರ್
ತಮಾಷಿ ಬ್ಯಾಡ. ನಮ್ಮೂರಾಗ ಒಬ್ರ ಗಂಡು ಕುದುರಿ ರಾತ್ರಿ ಹಗ್ಗ ಬಿಚ್ಚಿಕೊಂಡು ಕಡ್ಲಿ ಚೀಲಕ್ಕ ಬಾಯಿ ಹಾಕಿತ್ತು. ಮುಂಜಾನಿ ಏನೂ ಇಲ್ಲ, ಆರಾಮ ಇತ್ತು. ಎಲ್ಲಾರೂ ಸುಮ್ನಾದ್ರು. ಮರುದಿನ ಮುಂಗಾಲು ಮುಂದ ಚಾಚಿ, ಹಿಂಗಾಲಿನ ಮ್ಯಾಲ ಭಾರ ಹಾಕಿ ನಿಂತುಬಿಡ್ತು. ಒಂದ್ಹೆಜ್ಜಿ ಇಡಾಕ ಒಲ್ಲೆ ಅಂತಿತ್ತು. ಯಾರೋ "ವಾಯು ಆಗೇತಿ, ಓಡಾಡಸ್ರಿ" ಅಂದ್ರು. ರಸ್ತಿ ಮ್ಯಾಲ ಎಳದಾಡಿದ್ರು. ಆಮ್ಯಾಲ ಅದು ಸವಾರಿಗೆ ಬರಲೇ ಇಲ್ಲ.

ಪಶುವೈದ್ಯ_ಸಿರುಗುಪ್ಪ
ಅದೇ ಲ್ಯಾಮಿನೈಟಿಸ್, ಅದೇ ನಿಲುವು. ಕಾಳು ತಿಂದು ಒಂದೆರಡು ದಿನ ಆದ ಮೇಲೆ ಕಾಲಿಗೆ ಬರುತ್ತದೆ, ಹಾಗಾಗಿ ತಿಂದದ್ದು ಗೊತ್ತಾದ ತಕ್ಷಣವೇ ಡಾಕ್ಟರನ್ನು ಕರೆಯಬೇಕು. @ಕಾರಟಗಿ_ಕುದುರಿ ದಿನಾ ಬೆಳಿಗ್ಗೆ ನಾಲ್ಕೂ ಗೊರಸಿನ ಮೇಲೆ ಅಂಗೈ ಇಟ್ಟು ನೋಡಿ, ಮುಂಗಾಲಿನ ಗೊರಸು ಬಿಸಿ ಅನ್ನಿಸುತ್ತದೆಯೇ. ಗೊರಸಿನ ಮೇಲಿನ ಗೆಣ್ಣಿನ ಹಿಂಭಾಗದಲ್ಲಿ, ಎರಡೂ ಮಗ್ಗುಲಲ್ಲಿ, ನಾಡಿ ಇದೆ. ಆರೋಗ್ಯವಾಗಿದ್ದಾಗ ಅದನ್ನು ಹುಡುಕಬೇಕಾಗುತ್ತದೆ. ಬೆರಳಿಗೆ ತಾನಾಗಿ ಬಡಿಯತೊಡಗಿದರೆ, ಗಟ್ಟಿ ನೆಲದ ಮೇಲೆ ತಿರುಗಿಸುವಾಗ ಹಿಂಜರಿದರೆ, ನಡೆಸಬೇಡಿ. ದಪ್ಪಗೆ ಮರಳು ಹಾಸಿ ನಿಲ್ಲಿಸಿ, ಗೊರಸಿಗೆ ಮಂಜುಗಡ್ಡೆ ನೀರು ಕೊಡಿ, ಹುಲ್ಲು, ಕಾಳು ಎರಡೂ ನಿಲ್ಲಿಸಿ ನೆನೆಸಿದ ಒಣಮೇವು ಹಾಕಿ, ಡಾಕ್ಟರಿಗೆ ಫೋನ್ ಮಾಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನೀವೇ ಹಾಕಬೇಡಿ.

ಕಾರಟಗಿ_ಕುದುರಿ
ಇವತ್ತ ಮುಂಜಾನಿ ಮುಟ್ಟಿ ನೋಡಿದ್ನಿ, ನಾಲ್ಕೂ ತಣ್ಣಗದಾವ. ನಾಡಿ ಹುಡುಕಿ ಹುಡುಕಿ ಸಿಗಲಿಲ್ಲ, ಅದು ಛಲೋ ಸುದ್ದಿ ಅಂತ ತಿಳ್ಕೊಂಡೀನಿ.

ಹಂಗಾರ ಹಿಂಗ ಮಾಡ್ತೀನಿ: ಹುರುಳಿ ಬಂದ್. ನಸುಕಿನಾಗ ಎದ್ದು ಒಂಬತ್ತರ ಮಟ ಗೂಟ ಹೊಡದು ದಂಡಿ ಮ್ಯಾಲ, ಅದೂ ಬಲಗಡಿ ಗದ್ದಿಯವ್ರು ಔಷಧಿ ಹೊಡದಿಲ್ಲ ಅಂದ್ರ ಮಾತ್ರ. ಕುಕ್ಕಿ ರೂಢಿ ಆದ ಮ್ಯಾಲ ಹೊತ್ತು ಹೆಚ್ಚು ಮಾಡೂಣು. ಆಮ್ಯಾಲ ಮನಿ ಹಿಂದಿನ ಕಣದಾಗ ಕಟ್ಟೋದು, ಅಲ್ಲಿ ಹುಲ್ಲಿಲ್ಲ. ನೆನಸಿದ ಕಣಕಿ ತೂಗಿ ನಾಲ್ಕು ಹೊತ್ತು. ಸಂಜಿ ಮುಂದ ಒಂದು ತಾಸು ಸವಾರಿ, ಕಾಲುವಿ ರಸ್ತಿ ಮ್ಯಾಲ.

ಪಶುವೈದ್ಯ_ಸಿರುಗುಪ್ಪ
ಉಪ್ಪಿನ ಗಡ್ಡೆ ಇಡಿ. ಕಾಳು ನಿಂತ ಮೇಲೆ ಖನಿಜ ಮಿಶ್ರಣ ಬೇಕು, ಕುದುರೆಗೆ ಆಗುವಂಥದ್ದೇ ತನ್ನಿ. ಕಾಲುವೆ ಬದಿ ಸಿಗುವ ನೀರುಹುಲ್ಲು, ನೇಪಿಯರ್ ಇವುಗಳಲ್ಲಿ ಆಕ್ಸಲೇಟ್ ಇರುತ್ತದೆ, ಅದು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ತಿಂಗಳುಗಟ್ಟಲೆ ಅದೇ ಮೇವಾದರೆ ಮುಖದ ಮೂಳೆ ಊದುವುದುಂಟು. ಕರಕಿ ಇರುವ ಕಡೆಯೇ ಗೂಟ ಹೊಡೆಯಿರಿ. ಮೊದಲ ವಾರ ಸವಾರಿ ನಡಿಗೆಯಲ್ಲೇ ಇರಲಿ, ದಪ್ಪ ಕುದುರೆಯನ್ನು ಒಮ್ಮೆಲೇ ದೌಡಾಯಿಸಬೇಡಿ.

ಕೊಪ್ಪಳ_ಕಿಡಿ
ಬಸಿರು ಚೆಕ್ ಮಾಡಿಸಿದ್ರೋ ಇಲ್ಲೋ?

ಕಾರಟಗಿ_ಕುದುರಿ
ಸೋಮವಾರ ಡಾಕ್ಟ್ರು ಬರ್ತಾರ. ಆದ್ರ ನಿನ್ನ ಹೆಸರು ಇಡ್ತೀವಿ ಮರಿಗೆ.

ಆನೆಗೊಂದಿ_ಇತಿಹಾಸ
ಗೊರಸು ಯಾವಾಗ ಕೆತ್ತಿಸಿದ್ದು? ಫೋಟೊದಲ್ಲಿ ಮುಂದಿನ ತುದಿ ಉದ್ದ ಕಾಣ್ತಿದೆ.

ಕಾರಟಗಿ_ಕುದುರಿ
ಉಗಾದಿಗೆ. ನಮ್ಮ ಕಡಿ ನಾಲಬಂದ, ಅಂದ್ರ ಕುದುರಿಗೆ ಲಾಳ ಹೊಡಿಯೋರು, ಸಿಗವಲ್ರು. ಒಬ್ಬಾತ ಬಂದು ಎತ್ತಿಗೆ ಹೊಡಿಯೋ ಲಾಳದವ್ರಂಗ ಕೆತ್ತಿ ಹೋದ.

ಪಶುವೈದ್ಯ_ಸಿರುಗುಪ್ಪ
ಬಹಳ ತಡ ಆಯಿತು. ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಬೇಕು. ತುದಿ ಉದ್ದ ಬಿಟ್ಟಷ್ಟೂ ಒಳಗಿನ ಪದರದ ಮೇಲೆ ಎಳೆತ ಹೆಚ್ಚು, ದಪ್ಪ ಕುದುರೆಗೆ ಇದು ಎರಡು ಪಟ್ಟು ಕೆಟ್ಟದ್ದು.

ಜಟಕಾ_ಮೊಮ್ಮಗ_ಬಳ್ಳಾರಿ
ಕಂಪ್ಲಿ ಕಡೆ ನಮಗೆ ಗೊತ್ತಿರೋ ಒಬ್ಬ ಹಿರಿಯರು ಇದ್ದಾರೆ, ಅಜ್ಜನ ಕಾಲದಿಂದ ನಮ್ಮ ಕುದುರೆಗಳಿಗೆ ಲಾಳ ಹೊಡೆದೋರು. ಕೈ ಬಂಗಾರ. ನಂಬರ್ ಇಲ್ಲಿ ಹಾಕಲ್ಲ, ಮೆಸೇಜ್ ಮಾಡಿ. ಪೆಟ್ರೋಲ್ ನಿಮ್ದು, ಮಧ್ಯಾಹ್ನದ ಊಟಾನೂ ನಿಮ್ದು.

ಕಾರಟಗಿ_ಕುದುರಿ
ಮೆಸೇಜ್ ಹಾಕೀನಿ ನೋಡ್ರಿ. ಊಟಕ್ಕ ಏನ್ ಇಷ್ಟ ಅವರಿಗೆ?

ಜಟಕಾ_ಮೊಮ್ಮಗ_ಬಳ್ಳಾರಿ
ರೊಟ್ಟಿ, ಪುಂಡಿಪಲ್ಯ. ಆದ್ರೆ ಕುದುರೆಗೆ ಕೊಡೋಕೆ ಅಂತ ಅವರೂ ಜೇಬಲ್ಲಿ ಬೆಲ್ಲ ಇಟ್ಕೊಂಡು ಬರ್ತಾರೆ, ಮೊದಲೇ ಹೇಳಿಬಿಡಿ.